ಟೋಕನ್ ನಂಬರ್ ನಾನೂರ ಹದಿನೇಳು

ಹಟ್ಟಿ ಚಿನ್ನದ ಗಣಿಯ ದೀಪದ ಕೋಣೆಯಲ್ಲಿ
ಇಪ್ಪತ್ತೊಂಬತ್ತು ವರ್ಷ ಟೋಕನ್ ಬರೆದವನು ನಾನು.
ಇಳಿದವರೆಷ್ಟು, ಏರಿದವರೆಷ್ಟು.
ಅದೇ ಪುಸ್ತಕವನ್ನು ತಲೆಕೆಳಗು ಮಾಡಿ
ಹಿಂದಿನ ಹಾಳೆಯಿಂದ ಬರೆದದ್ದು ಕಬಡ್ಡಿಯ ಲೆಕ್ಕ.

ಗುಡದನಾಳದ ಹುಸೇನಪ್ಪ ಎರಡೂ ಕಡೆ ಇದ್ದಾನೆ.
ಮುಂದಿನಿಂದ ತೆರೆದರೆ ಡ್ರಿಲ್ಲಿನವನು, ಬೆಳಗಿನ ಪಾಳಿ.
ಹಿಂದಿನಿಂದ ತೆರೆದರೆ ರೈಡರ್,
ಐವತ್ತೆಂಟರಿಂದ ಎಪ್ಪತ್ತೊಂದು, ನೂರ ಎಂಬತ್ತಾರು ಆಟ.
ಮುರಿದದ್ದು: ಎಡಗೈ ಕಿರುಬೆರಳು, ಎರಡು ಪಕ್ಕೆಲುಬು,
ಲಿಂಗಸುಗೂರಿನ ಪೊಲೀಸನೊಬ್ಬನ ಮೂಗು.
(ಅದು ಇವನ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಬರೆದಿದ್ದೇನೆ.)

ನಮ್ಮ ಮೈದಾನ ಮಸಾರಿ ನೆಲ, ಅಡಿಯಲ್ಲಿ ಟೊಳ್ಳು.
ಸಂಜೆ ನಾಲ್ಕಕ್ಕೆ ಕೆಳಗೆ ಮದ್ದು ಹಾರಿಸುತ್ತಿದ್ದರು.
ಅಂಗಾಲಿಗೆ ಮಾತ್ರ ಕೇಳುವ ಸದ್ದು;
ಸುಣ್ಣದ ಗೆರೆ ಒಮ್ಮೆ ಮೈ ಕೊಡವುತ್ತಿತ್ತು.
ಹೊರಗಿನ ತಂಡದ ಏಳೂ ಜನ ನೆಲ ನೋಡುವರು.
ಅಷ್ಟು ಸಾಕು.
ಮೂವರನ್ನು ಮುಟ್ಟಿ ಗೆರೆಗೆ ಮರಳಿರುತ್ತಿದ್ದ,
ಬಾಯಲ್ಲಿ ಕಬಡ್ಡಿ ಇನ್ನೂ ಬೆಚ್ಚಗೆ.

ಮೋಸ ಅಂದರು ರಾಯಚೂರಿನವರು.
"ನೆಲ ನಡುಗಿದ್ರ ನಾ ಏನ್ ಮಾಡ್ಲಿ?" ಅಂದ.

ಅರವತ್ಮೂರರಲ್ಲಿ ಬಳ್ಳಾರಿಯ ಹತ್ತಿ ಗಿರಣಿಯವರು ಬಂದರು.
ತಿಂಗಳಿಗೆ ನಲವತ್ತು ರೂಪಾಯಿ ಹೆಚ್ಚು, ಒಂದು ಸೈಕಲ್ಲು,
ಕೆಳಗಿಳಿಯದ ಕೆಲಸ.
ಹೋದ. ಯಾರು ಹೋಗುವುದಿಲ್ಲ?
ಸಾಬವ್ವನ ಟ್ರಂಕು ಬಸ್ಸಿನ ಮೇಲೇರುವಾಗ
ನಾವ್ಯಾರೂ ಮಾತಾಡಿಸಲಿಲ್ಲ.
ಆ ಪುಟ ಖಾಲಿ ಇದೆ.

ಬಳ್ಳಾರಿಯಲ್ಲಿ ನಾಲ್ಕು ಹೊಡೆದರೆ ಬರೀ ನಾಲ್ಕು ಹೊಡೆಯುತ್ತದೆ.
ಮೊದಲ ಆಟದಲ್ಲೇ, ಎದುರಿನವರ ನಡುವೆ
ಏನಕ್ಕೋ ಕಾಯುತ್ತ ನಿಂತುಬಿಟ್ಟನಂತೆ;
ಕಾಲು ಹಿಡಿದು ಕೆಡವಿದರಂತೆ.
ಮಳೆಗಾಲಕ್ಕೆ ಮೊದಲೇ ವಾಪಸು ಬಂದ.
ಸೈಕಲ್ಲು ಬಂತು, ನಲವತ್ತು ರೂಪಾಯಿ ಬರಲಿಲ್ಲ.
"ಅಲ್ಲಿ ನೆಲ ಸತ್ತದಪಾ" ಎಂದು ಕಿಟಕಿಯೊಳಗೆ ಕೈ ಚಾಚಿದ.
ಹಳೆಯ ನಂಬರನ್ನೇ ಕೊಟ್ಟೆ.
ಕೊಡಬಾರದಿತ್ತು, ಅದಾಗಲೇ ಬೇರೆಯವನದಾಗಿತ್ತು.

ಹೋದ ತಿಂಗಳು ಗಣಿ ಆಸ್ಪತ್ರೆಗೆ ನಾನೇ ಕರೆದೊಯ್ದೆ.
ಎದೆಯಲ್ಲಿ ಮೂವತ್ತು ವರ್ಷದ ಕಲ್ಲಿನ ಹುಡಿ.
ಮೆಟ್ಟಿಲು ನಾಲ್ಕೇ; ಎರಡು ಸಲ ಕೂತ.
ಎಕ್ಸ್‌ರೇ ಹುಡುಗಿ, "ಅಜ್ಜಾ, ಉಸುರು ಹಿಡಿ" ಅಂದಳು.
ಹಿಡಿದ.
"ಬಿಡು" ಅಂದಳು. ಬಿಡಲಿಲ್ಲ.
ಅವಳಿಗೆ ಗಾಬರಿ. ನಾನು ಗಡಿಯಾರ ನೋಡಿದೆ, ಹಳೇ ಚಾಳಿ.
ಹನ್ನೊಂದು. ಹನ್ನೆರಡು.
ಬಲಗೈ ಮೆಲ್ಲಗೆ ಹಿಂದಕ್ಕೆ ತಡಕಾಡಿ
ಮೇಜಿನ ಅಂಚು ಮುಟ್ಟಿತು.

ಆಮೇಲೆ ಬಿಟ್ಟ.