ನಡುವೆ

ನಮ್ಮಲ್ಲಿ ಬಸುರಿಯನ್ನು ಎರಡು ಜೀವದವಳು ಅನ್ನುತ್ತೇವೆ.
ಲೆಕ್ಕ ಸರಿಯೇ, ಎಲ್ಲ ನೆಟ್ಟಗಾದರೆ.
ಮಲಾವಿಯ ಸರೋವರದ ದಂಡೆಯ ಚಿಚೇವಾ ನುಡಿಯಲ್ಲಿ
ಬಸಿರಿಗೆ 'ಪಕಾತಿ'. ಪಕಾತಿ ಅಂದರೆ ನಡುವೆ.
ಯಾವುದರ ನಡುವೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ.

ಡಾಕ್ಟರ್ ತಿಯಂಜಾನೆ ಮ್ಸೋಸಾ
ಮೂವತ್ತೊಂದು ವರ್ಷ ಆ ನಡುವೆಯಲ್ಲೇ ನೌಕರಿ ಮಾಡಿದಳು.

ಮೊದಲು ನ್ಖೋಟಕೋಟದ ಆಸ್ಪತ್ರೆ.
ಸೀಮೆಎಣ್ಣೆಯ ದೀಪ, ಒಂದೇ ಜೊತೆ ಕೈಗವಸು,
ತೊಳೆದು ಪೌಡರ್ ಹಾಕಿ ಹಗ್ಗಕ್ಕೆ ನೇತುಹಾಕಿದ್ದು,
ಗಾಳಿಗೆ ಐದೂ ಬೆರಳು ಉಬ್ಬಿ ಯಾರನ್ನೋ ಕರೆಯುವಂತೆ.
ಎಲೂಬಿ ಬಂದದ್ದು ಸೈಕಲ್ಲಿನ ಕ್ಯಾರಿಯರ್ ಮೇಲೆ.
ಅಣ್ಣ ತುಳಿದು ತಂದಿದ್ದ, ಹದಿನೆಂಟು ಮೈಲಿ,
ಸೀಟಿನಿಂದ ಹಿಂದಿನ ಚಕ್ರದವರೆಗೆ ಒಂದೇ ಬಣ್ಣ.
ಹದಿನೈದು ವರ್ಷ. ಮರಗೆಣಸಿನ ಕಡ್ಡಿ, ಯಾರದೋ ಕೈ.
ರಕ್ತದ ಬಾಟಲಿ ಇದ್ದದ್ದು ಲಿಲೊಂಗ್ವೆಯಲ್ಲಿ.
ಡಾಕ್ಟರ್ ಮುಷ್ಟಿ ಒತ್ತಿ ಹಿಡಿದಳು
ಒಂದು ಗಂಟೆ, ಎರಡು ಗಂಟೆ, ಕೈ ಮರಗಟ್ಟಿ
ಬಡಿಯುವ ನಾಡಿ ಯಾರದ್ದೆಂದು ತಿಳಿಯದ ಹಾಗೆ.
ಎಲೂಬಿ ಕೇಳಿದ್ದು ಒಂದೇ:
"ಸ್ಕೂಲಲ್ಲಿ ಹೇಳ್ತೀರಾ?"
"ಇಲ್ಲ."
ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ.
ಬೆಳಿಗ್ಗೆ ಅಣ್ಣ ಸರೋವರದಲ್ಲಿ ಸೈಕಲ್ ತೊಳೆದ,
ಬಹಳ ಹೊತ್ತು.

ಆಮೇಲೆ ಬ್ಲಾಂಟಾಯರ್, ಲುಸಾಕಾ, ನೈರೋಬಿ,
ಕೊನೆಗೆ ಜಿನೀವಾ. ಅಲ್ಲೂ ಸರೋವರ,
ಯಾರೂ ಅದರಲ್ಲಿ ಏನನ್ನೂ ತೊಳೆಯುವುದಿಲ್ಲ.
ಒಪ್ಪಂದದ ಕರಡಿನಲ್ಲಿ ಜಗಳದ ಪದಗಳನ್ನು
ಚೌಕ ಕಂಸದೊಳಗೆ ಕೂಡಿಹಾಕುತ್ತಾರೆ.
(ಕಂಸ. ಹೆಸರು ನೆನಪಿರಲಿ.
ಆ ಸೆರೆಯಲ್ಲಿ ಇದ್ದವಳೂ ಒಬ್ಬ ಬಸುರಿ.)
'ಹಕ್ಕು' ಅಂದರೆ ಒಬ್ಬರು ಕೆಮ್ಮುತ್ತಾರೆ,
'ಸೇವೆ' ಅಂದರೆ ಇನ್ನೊಬ್ಬರು
ರಾಜಧಾನಿಗೆ ಫೋನು ಮಾಡಲು ಏಳುತ್ತಾರೆ.
ಅವಳು ಸೂಲಗಿತ್ತಿಯ ಹಾಗೆ ಕೂತಳು.
ಎಳೆದರೆ ಹರಿಯುತ್ತದೆ, ಬಿಟ್ಟರೆ ಉಸಿರುಗಟ್ಟುತ್ತದೆ.
ಹದಿಮೂರು ಪ್ಯಾರಾ ಹೀಗೇ ಹೆರಿಸಿದಳು, ಜೀವಂತ.

ಹದಿನಾಲ್ಕನೆಯದು ಬೆಳಗಿನ ಜಾವ ಮೂರಕ್ಕೆ.
'ವಯಸ್ಸು ಯಾವುದೇ ಇರಲಿ', ಮೂರೇ ಪದ.
ಅಷ್ಟು ತೆಗೆದರೆ ಮಿಕ್ಕಿದ್ದೆಲ್ಲ ಉಳಿಯುತ್ತದೆ, ಅಂದರು,
ಆರಿದ ಕಾಫಿಯ ಕಪ್ಪು ಹಿಡಿದು, ಒಳ್ಳೆಯ ಮನುಷ್ಯರೇ.
ತಿಯಂಜಾನೆ ಅಂದರೆ ಅವಳ ಭಾಷೆಯಲ್ಲಿ 'ರಾಜಿಯಾಗೋಣ'.
ಅಪ್ಪ ಅಮ್ಮನ ಯಾವುದೋ ಜಗಳ ಮುಗಿದ ವಾರ ಹುಟ್ಟಿದವಳು.
ತಲೆ ಆಡಿಸಿದಳು.
ಕಂಸ ಅಳಿಯಿತು, ಒಳಗಿದ್ದದ್ದೂ.
ಒಳಗಿದ್ದವಳಿಗೆ ಹದಿನೈದು ವರ್ಷ.

ಅಂಗೀಕಾರ. ಚಪ್ಪಾಳೆ.
ಎಷ್ಟೋ ಹೆಂಗಸರಿಗೆ ಅದರಿಂದ ಒಳ್ಳೆಯದಾಯಿತು, ನಿಜ,
ಹಾಗೆಂದು ಯಾರು ಹೇಳಿದರೂ ಅವಳು ಅಲ್ಲಗಳೆಯುವುದಿಲ್ಲ.
ನಿವೃತ್ತಿಯ ದಿನ ಗಾಜಿನ ಫಲಕ ಕೊಟ್ಟರು, ಇಟ್ಟಿಗೆಯಷ್ಟು ಭಾರ.

ಈಗ ಅದು ನ್ಖೋಟಕೋಟದಲ್ಲಿ
ದಿನ ತುಂಬಿದವರು ಬಂದು ಕಾಯುವ ಮನೆಯ ಬಾಗಿಲಿಗೆ ಒತ್ತು.
ಇಲ್ಲದಿದ್ದರೆ ತೆಂಕಣದ ಮ್ವೇರಾ ಗಾಳಿಗೆ
ಬಾಗಿಲು ದಡಾರನೆ ಮುಚ್ಚಿಕೊಳ್ಳುತ್ತದೆ.
ರಿಜಿಸ್ಟರಿನಲ್ಲಿ ವಯಸ್ಸಿನ ಕಲಂ ಇದೆ.
ಅವಳು ಅದನ್ನು ಕೊನೆಗೆ ತುಂಬುತ್ತಾಳೆ, ಕೆಲವೊಮ್ಮೆ ಮರೆಯುತ್ತಾಳೆ.
ಜಿಲ್ಲಾ ಕಚೇರಿಯಿಂದ ಕಾಗದ ಬರುತ್ತದೆ: ವಿವರ ಅಪೂರ್ಣ.

ನಿನ್ನೆ ಒಬ್ಬಳು ಬಂದಳು,
ಯೂನಿಫಾರ್ಮಿನ ಮೇಲೆ ಅಮ್ಮನ ಚಿತೆಂಜೆ ಸುತ್ತಿಕೊಂಡು.
ಹೊಸಿಲಲ್ಲೇ ನಿಂತಳು, ಒಳಗೂ ಅಲ್ಲ, ಹೊರಗೂ ಅಲ್ಲ.
ಬಾ ಎನ್ನಲಿಲ್ಲ ಡಾಕ್ಟರ್.
ತಾನೇ ಎದ್ದು ಹೋಗಿ, ಮಂಡಿ ಹಿಡಿದುಕೊಂಡು,
ಹೊಸಿಲ ಮೇಲೆ ಕೂತಳು.
"ಊಟ ಆಯ್ತಾ?"