ಡಬ್ಬಿಯ ಮೇಲೆ ಬರೆಯದ್ದು

ಒಣದ್ರಾಕ್ಷಿ, ಹೊಸ ಹುಲ್ಲು, ಓಕ್ ಮರದ ಪೀಪಾಯಿ
ಎಂದು ಡಬ್ಬಿಯ ಮೇಲೆ ಬರೆದಿದೆ.
ಓಕ್ ಮರವನ್ನು ನಾನು ಕಂಡವನಲ್ಲ.
ಮೂವತ್ತೊಂದು ವರ್ಷ ಹಡಗಿನ ಹೊಟ್ಟೆಯಲ್ಲಿದ್ದವನಿಗೆ
ಯಾವ ದೇಶದ ಮರವೂ ಸರಿಯಾಗಿ ಕಂಡದ್ದಿಲ್ಲ,
ಕಂಡದ್ದು ಕ್ರೇನು, ಕೇಳಿದ್ದು ಪಿಸ್ಟನ್ನು.

ಬೋಳಾರದ ಈ ಜಗಲಿಯಲ್ಲಿ ಮುಚ್ಚಳ ತೆಗೆದಾಗ
ಮೊದಲು ಬಂದದ್ದು ಓಲೆಬೆಲ್ಲದ ಮಡಕೆಯ ತಳ.
ಆಮೇಲೆ ಮಾಂಬಳ, ಹಲಸಿನದ್ದು,
ಅಟ್ಟದಲ್ಲಿ ಮರೆತು ಎರಡು ಮಳೆಗಾಲ ಕಳೆದದ್ದು.
ಅದರ ಹಿಂದೆ, ತುಸು ತಡವಾಗಿ,
ಮುಚ್ಚಿಹೋದ ಹಂಚಿನ ಕಾರ್ಖಾನೆಯ ಭಟ್ಟಿ:
ಅದು ಲಟಾಕಿಯಾ, ಹೊಗೆಯಲ್ಲೇ ಒಣಗಿಸಿದ ಎಲೆ,
ಕಪ್ಪಗೆ, ಗಂಭೀರ, ಮನೆಗೆ ಬಂದ ವಕೀಲನ ಹಾಗೆ.
ಅಡಿಯಲ್ಲೆಲ್ಲೋ ಪೆರೀಕ್, ಚಿಟಿಕೆಯಷ್ಟೆ,
ಉಪ್ಪಿನಕಾಯಿ ಭರಣಿಯ ಬಾಯಿ ಒರೆಸಿದ ಬಟ್ಟೆ.

ಇಷ್ಟೆಲ್ಲ ಮೂಗಿಗೆ.
ಕಡ್ಡಿ ಗೀರಿದೆ, ಎಳೆದೆ, ಆರಿತು.
ಮತ್ತೆ ಗೀರಿದೆ. ಪೈಪಿನ ಕೊರಳಲ್ಲಿ ಗುಳುಗುಳು,
ಎಂಜಿನ್ ಕೋಣೆಯ ತಳದಲ್ಲಿ ನೀರು ನಿಂತ ಹಾಗೆ.
ಹೊಗೆ ಬಿಸಿ, ರುಚಿ ತೆಳು,
ನಾಲಗೆಯ ತುದಿಗೆ ಸುಣ್ಣ ಹೆಚ್ಚಾದ ವೀಳ್ಯದ ಉರಿ.
ಏಳು ಕಡ್ಡಿ. ಎಂಟನೆಯದಕ್ಕೆ ಹೊಳೆಯಿಂದ ಗಾಳಿ ಬಂತು.
ಡಬ್ಬಿಗೆ ಬೈದೆ, ಕೊಟ್ಟ ಚೀಫ್ ಲಸ್ರಾದೊನಿಗೂ.
ಸತ್ತವರಿಗೆ ಬೈಯಬಾರದು ಅಂತಾರೆ.
ಸತ್ತವರು ಕೊಟ್ಟ ತಂಬಾಕು ಉರಿಯದಿದ್ದರೆ?

ಅಷ್ಟರಲ್ಲಿ ಮೆಟ್ಟಿಲ ಬಳಿ ವಾರಿಜಕ್ಕ,
ಕಂಕುಳಲ್ಲಿ ಖಾಲಿ ತಡ್ಪೆ, ಬೀಡಿ ಬ್ರಾಂಚಿನಿಂದ ಬರುತ್ತಿದ್ದವಳು.
"ಎಂತದು ಮಾರಾಯ್ರೆ, ಒಣಮೀನು ಸುಟ್ಟದ್ದಾ?"
ಡಬ್ಬಿ ಚಾಚಿದೆ.
ಮೂಸಲಿಲ್ಲ ಅವಳು.
ಎರಡು ಬೆರಳಲ್ಲಿ ಚೂರು ಎತ್ತಿ, ಹಿಂಡಿ, ಬಿಟ್ಟಳು.
ಬಿಟ್ಟದ್ದು ಬಿಚ್ಚಿಕೊಳ್ಳದೆ ಉಂಡೆಯಾಗಿಯೇ ಉಳಿಯಿತು.
"ಚಂಡಿ ಉಂಟು" ಅಂದಳು.
"ನಿಮ್ಮ ಬೆಂಕಿ ನೀರು ಕುದಿಸ್ತಾ ಉಂಟು,
ಹೊಗೆಸೊಪ್ಪು ಸುಡ್ತಾ ಇಲ್ಲ."

ಬಾಯ್ಲರಿನ ಮುಂದೆ ಪ್ರಾಯ ಕಳೆದವನಿಗೆ
ಇದನ್ನು ಹೇಳಲು ವಾರಿಜಕ್ಕ ಬರಬೇಕಾಯಿತು.

ಅವಳ ತಡ್ಪೆಯಲ್ಲಿ ಹರಡಿದೆವು.
ಬಿಸಿಲಿಗಲ್ಲ, ಬಿಸಿಲಿನ ಪಕ್ಕಕ್ಕೆ.
ಕಾಗೆ ಬಂದು ನೋಡಿ ಬೇಡವೆಂದು ಹೋಯಿತು.
ಹಿಂಡಿದರೆ ಉಂಡೆಯಾಗಬಾರದು, ಪುಡಿಯೂ ಆಗಬಾರದು,
ಮುನಿಸಿಕೊಂಡ ಮಗುವಿನ ಹಾಗೆ ನಿಧಾನ ಬಿಚ್ಚಬೇಕು.
"ಈಗ ತುಂಬಿ. ಬುಡ ಸಡಿಲ, ತಲೆ ಬಿಗಿ."

ಒಂದೇ ಕಡ್ಡಿ.
ಹೊಗೆ ತಣ್ಣಗೆ ಬಂತು, ದಪ್ಪಗೆ, ಅವಸರವಿಲ್ಲದೆ.
ಬೆಲ್ಲ ಮೊದಲು. ನಡುವೆ ಭಟ್ಟಿ, ಬಹಳ ಹೊತ್ತು ಭಟ್ಟಿ.
ಕಡೆಗೆ, ಮೆಂತೆ ಹುರಿಯುವಾಗ
ಒಂದು ಕ್ಷಣ ಮೈಮರೆತರೆ ಬರುವ ಕಹಿ.
ನೇತ್ರಾವತಿಯ ಸೇತುವೆಯನ್ನು ಮೂರು ರೈಲು ದಾಟಿದವು,
ಪೈಪು ಆರಲಿಲ್ಲ.
ತಟ್ಟಿದಾಗ ಬಿದ್ದದ್ದು ಬಿಳಿ ಬೂದಿ, ಹನಿ ನೀರಿಲ್ಲ.

"ಇದಕ್ಕೆ ಎಷ್ಟು?" ಕೇಳಿದಳು.
ಅರ್ಧ ಬೆಲೆ ಹೇಳಿದೆ.
ಬೆರಳೆಣಿಸಿ, "ಆರು ಸಾವಿರ ಬೀಡಿ" ಅಂದಳು,
ದೂರಲ್ಲ, ದರ ಹೇಳಿದ ಹಾಗೆ.
ನಲವತ್ತು ವರ್ಷ ಸುತ್ತಿದವಳು, ಒಂದನ್ನೂ ಎಳೆದವಳಲ್ಲ;
ಕೆಮ್ಮು ಮಾತ್ರ ಎಳೆದವರದ್ದೇ.
ನಾನು ಪೈಪನ್ನು ಸುಮ್ಮನೆ ಒರೆಸುತ್ತ ಕುಳಿತೆ.

ಆಟಿ ತಿಂಗಳಲ್ಲಿ ಡಬ್ಬಿ ಖಾಲಿ. ಅವಳೇ ಕೇಳಿ ಒಯ್ದಳು.
ಕೆಂಪು ನೂಲಿನ ಉಂಡೆ, ಕತ್ತರಿ ಈಗ ಅದರೊಳಗೆ.
ಬೀಡಿಗೆ ನೂಲು ಕಟ್ಟುವುದು ತುಟಿಯ ಹತ್ತಿರ.
ಎಲ್ಲೋ ಲಾರಿಯ ನೆರಳಲ್ಲಿ ಕೂತ ಒಬ್ಬ ಹಮಾಲಿ
ಎರಡನೆಯ ದಮ್ಮಿಗೆ ತಡೆದು
ಬೀಡಿಯನ್ನು ತಿರುಗಿಸಿ ನೋಡಿರಬಹುದು
ಎಂದೆಲ್ಲ ನಾನು ಯೋಚಿಸುತ್ತಿದ್ದೆ.

ಬ್ರಾಂಚಿನವ ಮೊನ್ನೆ ಒಂದು ಕಟ್ಟು ಹಿಂದೆ ತಳ್ಳಿದನಂತೆ,
ಎಂತದೋ ವಾಸನೆ ಅಂತ.
ಅದನ್ನು ತಂದು ನನ್ನ ಜಗಲಿಯಲ್ಲಿಟ್ಟಳು:
"ನಿಮ್ಮದೇ. ಸೇದಿ."