ಅಳತೆಗೆ ಹೋದ ದಿನ

ಸೋಹಾರಿನ ಸನಾಯಾದಿಂದ ಹೊರಟಾಗ ಒಂಬತ್ತು ಗಂಟೆ.
ಆಗಲೇ ಟೇಪು ಮುಟ್ಟಿದರೆ ಚುರ್ ಎನ್ನುವ ಬಿಸಿಲು.
ತೊಡೆಯ ಮೇಲೆ ಕ್ಯಾಟಲಾಗು: ನಲವತ್ತೆರಡು ಬಾಗಿಲು,
ಒಂದರ ಹಿಂದೆಯೂ ಮನೆಯಿಲ್ಲ.

ಮೌಜಾ ಟೀಚರ ಮನೆ ಸಮುದ್ರಕ್ಕೆ ಎರಡು ಗಲ್ಲಿ ಈಚೆ.
ಹಳದಿ ಗೋಡೆ, ನೆತ್ತಿಯಲ್ಲಿ ಕೋಟೆಯಂತೆ ತೆನೆಗಳು,
ಕಾರುಮನೆಗೆ ಕಬ್ಬಿಣದ ಹಳೆಯ ನೀಲಿ ಬಾಗಿಲು,
ಅದರ ಮೇಲೆ ಬೆಸೆದ ಎರಡು ಕಾಫಿ ಹೂಜಿ.
ಒಂದರ ಮೂತಿಯನ್ನು ಉಪ್ಪುಗಾಳಿ ತಿಂದುಬಿಟ್ಟಿದೆ.

ಮಗ ನಾಸಿರ್ ಫೋನಿನಲ್ಲೇ ಆರಿಸಿ ಮುಗಿಸಿದ್ದ:
ಬೂದು ಬಣ್ಣ, ಗೆರೆಯಿಲ್ಲದ ಹಲಗೆ, ರಿಮೋಟು.
"ವಿಲ್ಲಾ ಹಾಗೆ ಕಾಣಬೇಕು."
ತಲೆಯಾಡಿಸಿದೆ. ತಲೆಯಾಡಿಸುವುದಕ್ಕೇ ಅರ್ಧ ಸಂಬಳ.
ಆಮೇಲೆ ನನ್ನ ಬಾಯಿಪಾಠ:
ಸುರುಳಿ ಬಾಗಿಲು ಅಗ್ಗ, ಮರಳು ಹೊಕ್ಕರೆ ಹಲ್ಲು ಕಡಿಯುತ್ತದೆ;
ಮರ ಚಂದ, ಎರಡೇ ಬೇಸಿಗೆಗೆ ಹಪ್ಪಳ;
ಗಾಜು ಬೇಡವೇ ಬೇಡ, ಕಾರು ಒಳಗೇ ಬೆಂದೀತು;
ಅಲ್ಯೂಮಿನಿಯಂ, ಹೊಟ್ಟೆಯಲ್ಲಿ ಫೋಮು, ಉಪ್ಪಿಗೆ ಜಗ್ಗದು;
ಹಳದಿ ಗೋಡೆಗೆ ಬೂದು ಸಪ್ಪೆ, ಖರ್ಜೂರದ ಕಂದು ನೋಡಿ…

ಟೀಚರು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ.
"ಒಳಗೆ ಬಂದು ನೋಡು" ಎಂದರು,
ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ.

ಒಳಗೆ ಕಾರು ಗೋಡೆಗೆ ಒತ್ತಿಕೊಂಡಿತ್ತು, ಕರೆಯದೆ ಬಂದ ನೆಂಟನ ಹಾಗೆ.
ಉಳಿದದ್ದೆಲ್ಲ ಚಾಪೆ.
ಫ್ಲಾಸ್ಕು, ಖರ್ಜೂರದ ತಟ್ಟೆ, ಬೀಜ ಉಗುಳಲು ಬಟ್ಟಲು,
ಅರ್ಧ ಕಸೂತಿಯಾದ ಟೋಪಿ, ಸೂಜಿ ಚುಚ್ಚಿಕೊಂಡೇ ಕಾಯುತ್ತಿದೆ.
ಸಾಲಾಗಿ ನಾಲ್ಕು ದಿಂಬು, ನಾಲ್ಕು ಬೆನ್ನಿನ ಗುಳಿ.
ದಿನಾ ಹತ್ತಕ್ಕೆ ಬರುತ್ತಾರಂತೆ ಶರೀಫಾ, ಝುವೈನಾ,
ಬಲೂಚಿ ಕೇರಿಯ ಮುದುಕಿ ಗುಲ್‌ಬೀಬಿ.
ಗಂಟೆ ಒತ್ತುವುದಿಲ್ಲ, ಕೂಗುವುದಿಲ್ಲ.
ನೀಲಿ ಬಾಗಿಲಿನ ಬಲತುದಿಗೆ ಒಂದು ಪುಟ್ಟ ಬಾಗಿಲು,
ಬಾಗಿಲೊಳಗಿನ ಬಾಗಿಲು. ತಳ್ಳಿದರಾಯಿತು.

"ಇದಕ್ಕೆ ಫರ್ಖಾ ಅನ್ನುತ್ತೇವೆ,
ಅಂದರೆ ಮರಿ. ದೊಡ್ಡದರ ರೆಕ್ಕೆಯಡಿ ಇರುವುದು.
ನಿನ್ನ ಪುಸ್ತಕದಲ್ಲಿ ಮರಿಯಿರುವ ಬಾಗಿಲು ಯಾವುದು?"

ಯಾವುದೂ ಇರಲಿಲ್ಲ.
ಬಾಯಿಗೆ ಮಾತ್ರ ಒಂದು ಹೆಸರು ಬಂತು: ದಿಡ್ಡಿ.

ಶಿರಹಟ್ಟಿ ಕಡೆಯ ನಮ್ಮೂರ ವಾಡೆಗೂ ಒಂದಿತ್ತು.
ದೊಡ್ಡ ಬಾಗಿಲು ತೆರೆಯುತ್ತಿದ್ದುದು ದೇಸಾಯರ ಜೀಪಿಗೆ.
ಕೀಲಿ ರಿಪೇರಿಗೆ ಹೋದ ಅಪ್ಪನಿಗೆ ದಿಡ್ಡಿ:
ಮೊದಲು ತಲೆ, ಆಮೇಲೆ ಚೀಲ, ಆಮೇಲೆ ಕಾಲು.
ಮರೆತವರ ಹಣೆಗೆ ಅದೇ ಪಾಠ ಹೇಳುತ್ತಿತ್ತು.
ದಿಡ್ಡಿ ಅಂದರೆ ಬಗ್ಗು ಎಂದೇ ಅರ್ಥವೆಂದು
ಎಷ್ಟೋ ವರ್ಷ ತಿಳಿದುಕೊಂಡಿದ್ದೆ ನಾನು.

"ಎತ್ತರ ಎಷ್ಟಿಡಲಿ?" ಕೇಳಿದೆ.
ಅಷ್ಟರಲ್ಲಿ ಮರಿ ಕಿರ್ರೆಂದಿತು.
ಶರೀಫಾ. ನಾಲ್ವರಲ್ಲಿ ಎತ್ತರದವರು.
ತಲೆಯ ಮೇಲಿನ ಪಾತ್ರೆ ಇಳಿಸಿ, ಬಗ್ಗಿ,
ಸೊಂಟ ಹಿಡಿದು ಒಳಗೆ ಬಂದರು.
ಟೀಚರು ಅವರನ್ನು ಚೌಕಟ್ಟಿನ ಪಕ್ಕ ನೆಟ್ಟಗೆ ನಿಲ್ಲಿಸಿ,
ಪಾತ್ರೆಯನ್ನು ಮತ್ತೆ ತಲೆಯ ಮೇಲಿಟ್ಟು,
ಮುಚ್ಚಳದ ಗುಬುಟಿನ ಮೇಲೆ ಅಂಗೈ ಆಡಿಸಿ
"ಇಷ್ಟು" ಎಂದರು.

ಎರಡು ಮೀಟರ್ ಹನ್ನೊಂದು ಸೆಂಟಿ.
ಹಿಡಿಯುವಾಗ ಕೈ ಸ್ವಲ್ಪ ನಡುಗಿತು; ಮತ್ತೊಮ್ಮೆ ಹಿಡಿದೆ.
ಅಷ್ಟೇ.

ಫಾರಮ್ಮಿನಲ್ಲಿ ಬಣ್ಣದ ಮುಂದೆ ನೀಲಿ ಎಂದು ಬರೆದೆ.
ಹೂಜಿ ಎರಡು, ಮೂತಿ ಸಹಿತ.
ಶೈಲಿಯ ಚೌಕದಲ್ಲಿ ಪೆನ್ನು ಕನ್ನಡದಲ್ಲೇ ಓಡಿತು.
ಸಂಜೆ ಫೋರ್‌ಮನ್ ಸುಗುಣನ್ ಕಾಗದ ಉಲ್ಟಾ ಸುಲ್ಟಾ ಹಿಡಿದು
"ಇದು ಯಾವ ಕಂಪನಿ ಮಾಡೆಲ್ಲಯ್ಯಾ?" ಎಂದ.
ನಾಸಿರ್ ಎರಡು ಸಲ ಫೋನ್ ಮಾಡಿದ್ದನಂತೆ, ಬೂದು ಬಣ್ಣವೇ ಬೇಕಂತೆ.

ನಾಳೆ ಮತ್ತೆ ಹೋಗಬೇಕು.
ಹತ್ತಕ್ಕೇ ಹೋಗುವುದು ಒಳ್ಳೆಯದು.
ಆ ಪಾತ್ರೆಯಲ್ಲಿದ್ದದ್ದು ಲುಗೈಮಾತ್;
ಆ ಹೊತ್ತಿಗೆ ಇನ್ನೂ ಬಿಸಿ ಇರುತ್ತವೆ.